ಸಾರಡ್ಕ ದಾಟದ ಆರ್‌ಟಿಸಿ

ಜಾಮೀನು ಆಯ್ತು ಅಂದ ತಕ್ಷಣ ಮನೆಯವರು ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ರಾತ್ರಿ ಊಟಕ್ಕೆ ಬರ್ತಾನಲ್ವಾ?" ಹೌದು ಅನ್ನಲು ನನಗೆ ಧೈರ್ಯ ಬರುವುದಿಲ್ಲ. ಜಾಮೀನಿನ ಆದೇಶ ಆಗುವುದು ಒಂದು ಕೆಲಸ. ಜಾಮೀನು ನಿಲ್ಲುವವರನ್ನು ಹುಡುಕಿ ತಂದು, ಅವರ ಕಾಗದಪತ್ರ ಪಾಸಾಗಿ, ಬಿಡುಗಡೆ ಆದೇಶ ಜೈಲಿಗೆ ಮುಟ್ಟುವುದು ಬೇರೆಯೇ ಕೆಲಸ. ಕಾನೂನು ಕಾಲೇಜಿನಲ್ಲಿ ಮೊದಲನೆಯದನ್ನು ಕಲಿಸುತ್ತಾರೆ. ಎರಡನೆಯದನ್ನು ನನಗೆ ಕಲಿಸಿದ್ದು ಆಫೀಸಿನ ಗುಮಾಸ್ತರು.

ಕ್ರಿಮಿನಲ್ ಕಾನೂನಿನ ಸುಧಾರಣೆ ಅಂತ ಈಗ ಎಲ್ಲರೂ ಮಾತಾಡುತ್ತಾರೆ. ಹೊಸ ಸಂಹಿತೆ ಬಂತು, ಸೆಕ್ಷನ್ ನಂಬರುಗಳೆಲ್ಲ ಬದಲಾದವು, ನಾವು ಹಳೆಯದು ಹೊಸದು ಎರಡನ್ನೂ ಬಾಯಿಪಾಠ ಮಾಡಿಕೊಂಡು ಓಡಾಡುತ್ತಿದ್ದೇವೆ. ಆದರೆ ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿ ಕೂತು ನೋಡಿದರೆ ಸುಧಾರಣೆ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಸರಿಯಾಗಿ ಕಾಣುತ್ತದೆ. ಅದು ಸಿಕ್ಕಿಬೀಳುವುದು ಜಾಮೀನುದಾರರ ಜಾಗದ ಕಾಗದದಲ್ಲಿ. ಇವತ್ತು ಅದನ್ನೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಪುರುಸೊತ್ತು ಇದ್ದವರು ಓದಿ.

ಒಂದು ಕೇಸು ಹೇಳುತ್ತೇನೆ. ಬದಿಯಡ್ಕದ ಕಡೆ ಒಬ್ಬರ ಅಂಗಳದಿಂದ ಒಣ ಅಡಿಕೆ ಮೂಟೆ ಕದ್ದ ಆರೋಪ. ಆರೋಪಿ ಶಾಮಿಯಾನ ಹಾಕುವ ಕೆಲಸದ ಹುಡುಗ, ಊರು ವಿಟ್ಲದ ಕಡೆ. ಹಳೆಯ ಕೇಸು ಒಂದೂ ಇಲ್ಲ. ಜಾಮೀನು ಸುಲಭವಾಗಿ ಆಯ್ತು. ಷರತ್ತು: ಐವತ್ತು ಸಾವಿರದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು, ಅವರಲ್ಲಿ ಒಬ್ಬರು ಸ್ಥಳೀಯರಾಗಿರಬೇಕು.

ಹುಡುಗನ ಅಣ್ಣ ಬೆಳಗ್ಗೆ ಬೇಗ ಬಸ್ಸು ಹತ್ತಿ ಬಂದಿದ್ದರು. ಅಡ್ಯನಡ್ಕ, ಸಾರಡ್ಕ, ಪೆರ್ಲ ಅಂತ ಬರುವ ದಾರಿ, ಒಂದು ಚೆಕ್‌ಪೋಸ್ಟು ದಾಟಿದರೆ ಕೇರಳ. ಪ್ಲಾಸ್ಟಿಕ್ ಕವರಿನೊಳಗೆ ಆರ್‌ಟಿಸಿ ಅಂದರೆ ಜಾಗದ ಪಹಣಿ, ಆಧಾರ್ ಕಾರ್ಡು, ರೇಷನ್ ಕಾರ್ಡು, ಎಲ್ಲದರ ಎರಡೆರಡು ಜೆರಾಕ್ಸು. ಎಂಬತ್ತು ಸೆಂಟ್ಸು ಅಡಿಕೆ ತೋಟ. ಋಣದ ಕಾಲಮ್ಮಿನಲ್ಲಿ ಸೊಸೈಟಿಯ ಬೆಳೆ ಸಾಲ ಒಂದು ಉಂಟು, ಅದು ಯಾರಿಗೆ ಇಲ್ಲ ಹೇಳಿ. ಕೋರ್ಟಿನ ಕೌಂಟರಿನಲ್ಲಿ ಆ ಕಾಗದ ನೋಡಿ, ಇದು ಕರ್ನಾಟಕದ್ದು, ಇಲ್ಲಿನ ತೀರ್ವೆ ರಶೀದಿ, ಅಂದರೆ ಜಾಗದ ತೆರಿಗೆ ಕಟ್ಟಿದ ರಶೀದಿ ಬೇಕು ಅಂದರು. ಜೋರು ಮಾಡಲಿಲ್ಲ, ಮೆತ್ತಗೆ ಹೇಳಿದರು. ಅಣ್ಣ ನನ್ನ ಮುಖ ನೋಡಿದರು. "ಎಂತ ಮೇಡಂ, ನಮ್ಮ ಜಾಗ ಜಾಗ ಅಲ್ವಾ?"

ಆಮೇಲೆ ಶುರುವಾಯ್ತು ನೆಂಟರ ಹುಡುಕಾಟ. ಗಡಿಯ ಈಚೆ ಯಾರಿದ್ದಾರೆ? ಅತ್ತಿಗೆಯ ತವರಿನ ಕಡೆ ಪೆರ್ಲದಲ್ಲಿ ಒಬ್ಬರು. ಅವರ ಜಾಗ ತಂದೆಯ ಹೆಸರಿನಲ್ಲಿ, ಪಾಲಾಗಿಲ್ಲ. ಇನ್ನೊಬ್ಬರ ತೀರ್ವೆ ಈ ವರ್ಷದ್ದು ಕಟ್ಟಿಲ್ಲ. ಮತ್ತೊಬ್ಬರು ಬರುತ್ತೇನೆ ಅಂದವರು, ಕಳ್ಳತನದ ಕೇಸು ಅಂತ ಗೊತ್ತಾದ ಮೇಲೆ ಫೋನು ತೆಗೆಯಲಿಲ್ಲ. ಕಡೆಗೆ ಹುಡುಗನ ಮನೆಯವರ ಪರಿಚಯದ ಬೀಡಿ ಕಟ್ಟುವ ಹೆಂಗಸೊಬ್ಬರು, ಹತ್ತು ಸೆಂಟ್ಸು ಜಾಗದವರು, ತಾನು ನಿಲ್ಲುತ್ತೇನೆ ಅಂತ ಬಂದರು. ಅಷ್ಟರಲ್ಲಿ ಆದೇಶ ಆಗಿ ಎಷ್ಟೋ ದಿನ ಕಳೆದಿತ್ತು. ಹುಡುಗ ಅಷ್ಟೂ ದಿನ ಒಳಗೆ. ಕೋರ್ಟು ಬಿಡಿ ಅಂದಿದೆ, ಕಾನೂನು ಬಿಡಿ ಅಂದಿದೆ, ಕದ ಮಾತ್ರ ತೆರೆದಿಲ್ಲ.

ಇದು ಇವತ್ತಿನ ಸಮಸ್ಯೆ ಅಲ್ಲ, ಇದಕ್ಕೆ ಉತ್ತರ ಇಲ್ಲ ಅಂತಲೂ ಅಲ್ಲ. ಉತ್ತರ 1978ರಲ್ಲೇ ಸಿಕ್ಕಿದೆ. ಮೋತಿರಾಮ್ ವಿರುದ್ಧ ಮಧ್ಯಪ್ರದೇಶ ಸರ್ಕಾರ. ಮೋತಿರಾಮ್ ಒಬ್ಬ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು, ಮೊತ್ತ ಎಷ್ಟು ಅಂತ ನಿಗದಿ ಮಾಡುವುದನ್ನು ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತ್ತು. ಅವರು ಹತ್ತು ಸಾವಿರ ಅಂದರು, ಆ ಕಾಲದ ಹತ್ತು ಸಾವಿರ. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಅಂದರು. ಅಲ್ಲೂ ಒಡಹುಟ್ಟಿದವನೇ, ಅಲ್ಲೂ ಬೇರೆ ಜಿಲ್ಲೆಯೇ. ಪ್ರಕರಣ ತಿರುಗಿ ಸುಪ್ರೀಂ ಕೋರ್ಟಿಗೆ ಹೋಯಿತು.

ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿ ಶುರು ಮಾಡಿದವರು, 1948ರಲ್ಲಿ ತಾವೇ ಜೈಲು ಕಂಡವರು, 1957ರಲ್ಲಿ ಕೇರಳದ ಮೊದಲ ಸರ್ಕಾರದಲ್ಲಿ ಮಂತ್ರಿಯಾಗಿ ಜೈಲು ಖಾತೆಯನ್ನೂ ನೋಡಿಕೊಂಡವರು. ಅವರ ಇಂಗ್ಲಿಷು ಭಾರೀ ಕಷ್ಟ, ಒಂದೊಂದು ವಾಕ್ಯಕ್ಕೂ ಡಿಕ್ಷನರಿ ಬೇಕು. ಆದರೆ ಈ ತೀರ್ಪಿನ ಒಂದು ಪ್ಯಾರಾ ನೇರಾನೇರ ನಮಗೇ ಬರೆದ ಹಾಗಿದೆ. ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ಒಬ್ಬ ತಮಿಳ ಅಥವಾ ತೆಲುಗಿನವನನ್ನು ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಹಿಡಿದರೆ ಅವನು ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಅವರು ಕೇಳುತ್ತಾರೆ. ಜಾಮೀನುದಾರ ಇದೇ ಜಿಲ್ಲೆಯವನಾಗಿರಬೇಕು ಅಂತ ಯಾವ ಕಾನೂನು ಹೇಳಿದೆ ಅಂತ ಕೇಳುತ್ತಾರೆ. ಸಂವಿಧಾನದ 350ನೇ ವಿಧಿಯನ್ನೂ ಎತ್ತಿ, ದೇಶದ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು ಅನ್ನುವುದನ್ನು ನೆನಪಿಸುತ್ತಾರೆ. ಕೊನೆಗೆ ಮೋತಿರಾಮನನ್ನು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಟ್ಟರು.

ಬಸ್ತಾರ್, ಪೋರ್ಟ್ ಬ್ಲೇರ್ ಎಲ್ಲ ದೂರದ ಊರುಗಳು. ವಿಟ್ಲದಿಂದ ಇಲ್ಲಿಗೆ ಒಂದು ಬಸ್ಸು ಸಾಕು. ಇನ್ನೂ ತಮಾಷೆ ಅಂದ್ರೆ, ತಿರುವನಂತಪುರದ ಕಡೆಯವರ ತೀರ್ವೆ ರಶೀದಿ ತಂದರೆ ಅದು 'ಕೇರಳದ್ದು' ಅಂತ ಪಾಸಾಗುವುದುಂಟು. ಅಲ್ಲಿಗೂ ಇಲ್ಲಿಗೂ ಐನೂರು ಕಿಲೋಮೀಟರಿಗಿಂತ ಜಾಸ್ತಿ. 1956ರ ನವೆಂಬರ್ 1ರ ತನಕ ವಿಟ್ಲವೂ ಪೆರ್ಲವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಆ ದಿನ ಬಿದ್ದ ಗೆರೆಗೂ ಒಬ್ಬ ಹುಡುಗ ವಿಚಾರಣೆಗೆ ಹಾಜರಾಗುತ್ತಾನೋ ಇಲ್ಲವೋ ಅನ್ನುವುದಕ್ಕೂ ಏನು ಸಂಬಂಧ?

ಕಾನೂನು ಪಂಡಿತರು ಇಂಥ ವಿಷಯದಲ್ಲಿ ಏನು ಮಾಡಿದ್ದಾರೆ ಅಂತ ನೋಡಿದರೆ ನನಗೆ ಗೌರವವೂ ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಅಮೆರಿಕದಲ್ಲಿ ಕೇಲಬ್ ಫೂಟ್ ಅನ್ನುವ ಕಾನೂನು ಅಧ್ಯಾಪಕರು 1950ರ ದಶಕದಲ್ಲಿ ಫಿಲಡೆಲ್ಫಿಯಾದ ಕೋರ್ಟುಗಳಲ್ಲಿ ಜಾಮೀನು ಹೇಗೆ ನಡೆಯುತ್ತದೆ ಅಂತ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಧ್ಯಯನ ಮಾಡಿದರು. ಹಣ ಹೊಂದಿಸಲಾಗದೆ ಒಳಗೆ ಉಳಿದವರಿಗೆ, ಹೊರಗಿದ್ದು ಕೇಸು ನಡೆಸಿದವರಿಗಿಂತ ಶಿಕ್ಷೆಯಾಗುವುದು ಜಾಸ್ತಿ ಅನ್ನುವುದು ಅಲ್ಲಿ ಕಂಡುಬಂತು. ಇದು ನಮಗೂ ಗೊತ್ತಿರುವ ಸಂಗತಿಯೇ. ಒಳಗಿರುವವನು ಸಾಕ್ಷಿ ಹುಡುಕಲಾರ, ವಕೀಲರ ಹತ್ತಿರ ಕೂತು ಮಾತಾಡಲಾರ, ಬೇಸತ್ತು ತಪ್ಪೊಪ್ಪಿಕೊಂಡು ಹೊರಬರುವುದೇ ವಾಸಿ ಅಂದುಕೊಳ್ಳುತ್ತಾನೆ.

ಆಮೇಲೆ 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಪ್ರಯೋಗ ಶುರುವಾಯ್ತು. ಲೂಯಿ ಶ್ವೈಟ್ಜರ್ ಅನ್ನುವ ಉದ್ಯಮಿ ಹಣ ಹಾಕಿದರು, ಹರ್ಬರ್ಟ್ ಸ್ಟರ್ಜ್ ಅನ್ನುವವರು ನಡೆಸಿದರು. ಕಾನೂನು ವಿದ್ಯಾರ್ಥಿಗಳು ಬಂಧಿತರ ಹತ್ತಿರ ಹೋಗಿ ಕೂರುವುದು. ಈ ವಿಳಾಸದಲ್ಲಿ ಎಷ್ಟು ಕಾಲದಿಂದ ಇದ್ದೀಯ, ಕೆಲಸ ಏನು, ಮನೆಯಲ್ಲಿ ಯಾರಿದ್ದಾರೆ, ಹಳೆಯ ಕೇಸು ಇದೆಯಾ ಅಂತ ಕೇಳುವುದು. ಅದನ್ನು ಪರೀಕ್ಷಿಸಿ, ಊರಿನಲ್ಲಿ ಬೇರು ಇರುವವನು ಅಂತ ಅನಿಸಿದರೆ, ದುಡ್ಡಿಲ್ಲದೆ ಬರೀ ಮಾತಿನ ಮೇಲೆ ಬಿಡಬಹುದು ಅಂತ ನ್ಯಾಯಾಧೀಶರಿಗೆ ಹೇಳುವುದು. ಹಾಗೆ ಬಿಟ್ಟವರಲ್ಲಿ ಬೇಕೆಂದೇ ತಪ್ಪಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಜಾಮೀನು ಸುಧಾರಣಾ ಕಾಯ್ದೆ ಬಂದದ್ದು ಇದರ ಬೆನ್ನಿಗೇ.

ಇದು ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದು ಮುಖ್ಯ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ತಮ್ಮ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತಲೂ ಜಾಸ್ತಿ ಕಾಲ ವಿಚಾರಣೆಯಿಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ವಿಷಯ ಬಂದಾಗ, ನ್ಯಾಯಮೂರ್ತಿ ಪಿ.ಎನ್. ಭಗವತಿ ಇದೇ ಮ್ಯಾನ್‌ಹಟನ್ ಪ್ರಯೋಗವನ್ನು ಎತ್ತಿ ಹೇಳಿದರು. ಎಷ್ಟು ಕಾಲದಿಂದ ಆ ಊರಲ್ಲಿದ್ದಾನೆ, ಉದ್ಯೋಗ ಏನು, ಸಂಸಾರ ಇದೆಯಾ ಅಂತ ನೋಡಿ, ಬೇರು ಇದೆ ಅನಿಸಿದರೆ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ಅಂದರೆ ಅಧ್ಯಾಪಕರು ಅಧ್ಯಯನ ಮಾಡಿದರು, ವಿದ್ಯಾರ್ಥಿಗಳು ಪ್ರಯೋಗ ಮಾಡಿದರು, ಸುಪ್ರೀಂ ಕೋರ್ಟು ಒಪ್ಪಿತು. ಇಷ್ಟು ಚೆಂದವಾಗಿ ಒಂದು ವಿಚಾರ ಗ್ರಂಥಾಲಯದಿಂದ ಕೋರ್ಟಿಗೆ ಬಂದದ್ದು ಕಡಿಮೆ. ಕೋರ್ಟಿನಿಂದ ಕೌಂಟರಿಗೆ ಮಾತ್ರ ಇಷ್ಟು ವರ್ಷವಾದರೂ ಬಂದಿಲ್ಲ.

ಯಾಕೆ ಬಂದಿಲ್ಲ? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಒಪ್ಪಬೇಡಿ. ನಮ್ಮಲ್ಲಿ ಸುಧಾರಣೆ ಅಂದಾಗಲೆಲ್ಲ ಶಿಕ್ಷೆ ಆಗುವ ಪ್ರಮಾಣ ಹೆಚ್ಚಿಸುವುದು ಹೇಗೆ ಅನ್ನುವ ಮಾತೇ ಮುಂದೆ ಬರುತ್ತದೆ. ನ್ಯಾಯಮೂರ್ತಿ ವಿ.ಎಸ್. ಮಳೀಮಠ ಸಮಿತಿಯನ್ನೇ ನೋಡಿ. ಮಳೀಮಠರು ಕನ್ನಡಿಗರು, ಕರ್ನಾಟಕ ಮತ್ತು ಕೇರಳ ಎರಡೂ ಹೈಕೋರ್ಟುಗಳಿಗೆ ಮುಖ್ಯ ನ್ಯಾಯಮೂರ್ತಿ ಆಗಿದ್ದವರು, ಹಾಗಾಗಿ ನಮ್ಮ ಕಡೆಯ ವಕೀಲರಿಗೆ ಅವರ ಹೆಸರೆಂದರೆ ಒಂದು ಅಭಿಮಾನ. 2003ರ ಅವರ ವರದಿಯಲ್ಲಿ 158 ಶಿಫಾರಸುಗಳಿದ್ದವು. ಸಂತ್ರಸ್ತರ ಹಕ್ಕಿನ ಬಗ್ಗೆ ಒಳ್ಳೆಯ ಮಾತುಗಳೂ ಇದ್ದವು. ಆದರೆ ಸಂಶಯಾತೀತವಾಗಿ ಸಾಬೀತಾಗಬೇಕು ಅನ್ನುವ ಮಟ್ಟವನ್ನು ಇಳಿಸಬೇಕು, ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬೇಕು ಅನ್ನುವ ಮಾತುಗಳೂ ಇದ್ದವು. ಕಾನೂನು ಪಂಡಿತರು ಅದನ್ನು ಬಲವಾಗಿಯೇ ಟೀಕಿಸಿದರು, ಟೀಕಿಸಿದ್ದು ಸರಿಯೇ. ಅಪರಾಧಿಗಳು ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನುವ ಗಲಾಟೆಯ ನಡುವೆ, ಇನ್ನೂ ಅಪರಾಧಿ ಅಂತ ತೀರ್ಮಾನವೇ ಆಗದವರು ಜೈಲು ತುಂಬಿರುವ ವಿಷಯ ಹಿಂದೆ ಸರಿಯುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅದರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ.

ಪಂಡಿತರು ಬರೆದರೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಈ ನಾಲ್ವರು ಕಾನೂನು ಅಧ್ಯಾಪಕರು ಮಥುರಾ ಅನ್ನುವ ಹುಡುಗಿಯ ಪ್ರಕರಣದ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಪೊಲೀಸ್ ಠಾಣೆಯಲ್ಲೇ ಆದ ಅತ್ಯಾಚಾರದ ಆರೋಪ, ಇಬ್ಬರು ಪೊಲೀಸರ ಖುಲಾಸೆ. ಆ ಪತ್ರದಿಂದ ಎದ್ದ ಚಳವಳಿ 1983ರಲ್ಲಿ ಅತ್ಯಾಚಾರದ ಕಾನೂನಿಗೆ ಆದ ತಿದ್ದುಪಡಿಯ ತನಕ ಹೋಯಿತು. ಅಂಥ ಸಿಟ್ಟು ಹುಟ್ಟಿಸುವ ಶಕ್ತಿ ಜಾಮೀನುದಾರನ ರಶೀದಿಗೆ ಇಲ್ಲ, ಅಷ್ಟೇ. ಕೌಂಟರಿನಲ್ಲಿ ಕಾಗದ ತಿರುಗಿ ಬಂತು ಅಂತ ಯಾರು ಮೆರವಣಿಗೆ ಹೊರಡುತ್ತಾರೆ?

ಈಗ ಹೊಸ ಕಾನೂನಿಗೆ ಬರೋಣ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ ಸಂಹಿತೆಯಲ್ಲಿ ಜಾಮೀನು ಅಂದರೇನು ಅಂತ ಎಲ್ಲೂ ವಿವರಿಸಿರಲಿಲ್ಲ, ಇದರಲ್ಲಿ ವಿವರಿಸಿದ್ದಾರೆ. ಬರೀ ಬಾಂಡು ಅಂದರೆ ಜಾಮೀನುದಾರ ಇಲ್ಲದ ಬಿಡುಗಡೆ, ಬೇಲ್ ಬಾಂಡು ಅಂದರೆ ಜಾಮೀನುದಾರ ಇರುವುದು. ಸೆಕ್ಷನ್ 479ರಲ್ಲಿ ಒಂದು ಒಳ್ಳೆಯ ಅಂಶ ಉಂಟು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಅಂದರೆ ಜಾಮೀನುದಾರ ಬೇಡ. ಜೈಲು ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಹಾಕಬೇಕು. ಹಳೆಯ ಕೇಸುಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳು ಇದರಲ್ಲಿ ಬರುವುದಿಲ್ಲ.

ಉಳಿದವರಿಗೆ ಅರ್ಧ ಅವಧಿ. ಹಳೆಯ ಕಾನೂನಿನಲ್ಲಿ ಇಲ್ಲಿ 'ಸ್ವಂತ ಬಾಂಡಿನ ಮೇಲೆ, ಜಾಮೀನುದಾರರು ಇದ್ದು ಅಥವಾ ಇಲ್ಲದೆ' ಅಂತ ಇತ್ತು. ಹೊಸದರಲ್ಲಿ ಬರೀ 'ಜಾಮೀನಿನ ಮೇಲೆ' ಅಂತ ಇದೆ, 'ಇಲ್ಲದೆ' ಅನ್ನುವ ಮಾತು ಹೋಯಿತು. ಜೊತೆಗೆ ಒಬ್ಬನ ಮೇಲೆ ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೆ ಈ ಸೌಲಭ್ಯವೇ ಇಲ್ಲ. ಸಣ್ಣ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮೇಲೆ ಹಳೆಯದೆರಡು ಪತ್ತೆಯಾಗದ ಕೇಸು ಹೊರಿಸುವುದು ಎಷ್ಟು ಸುಲಭ ಅಂತ ಕ್ರಿಮಿನಲ್ ಕೋರ್ಟಿನಲ್ಲಿ ಓಡಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು. ಮತ್ತೆ ಈ ಸೆಕ್ಷನ್ನೆಲ್ಲ ತುಂಬ ಕಾಲ ಒಳಗಿದ್ದವರಿಗೆ. ನಮ್ಮ ಅಡಿಕೆ ಮೂಟೆಯ ಹುಡುಗನಿಗೆ ಇದರಿಂದ ಏನೂ ಇಲ್ಲ, ಅವನಿಗೆ ಜಾಮೀನು ಆಗಲೇ ಆಗಿತ್ತಲ್ಲ.

ಅವನಿಗೆ ಬೇಕಾದ್ದು ಇರುವುದು ಬೇರೆ ಕಡೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಜಾಮೀನು ಆದರೂ ಬಿಡುಗಡೆ ಆಗದವರ ಬಗ್ಗೆ ಒಂದು ಆದೇಶ ಮಾಡಿತು. ಆದೇಶದ ಪ್ರತಿ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದು. ಕಡೆಯದು ಇನ್ನೂ ಮುಖ್ಯ: ಸ್ಥಳೀಯ ಜಾಮೀನುದಾರ ಬೇಕು ಅನ್ನುವ ಹಠವೇ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಪ್ರಕರಣಗಳಲ್ಲಿ ಆ ಷರತ್ತು ಹಾಕದಿರುವುದು ಒಳ್ಳೆಯದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ಜಾಮೀನಿಗಾಗಿ ನಲವತ್ತು ಸಾವಿರದ ತನಕ ನೆರವಿನ ಯೋಜನೆಯನ್ನೂ ತಂದಿತು. ಒಳ್ಳೆಯದೇ. ಆದರೆ ವಿಟ್ಲದ ಅಣ್ಣನಿಗೆ ಕಡಿಮೆಯಾದದ್ದು ಹಣ ಅಲ್ವಲ್ಲ. ಅವರ ಹತ್ತಿರ ತೋಟ ಇತ್ತು. ತೋಟ ಗೆರೆಯ ಆಚೆ ಇತ್ತು ಅಷ್ಟೇ.

ನ್ಯಾಯಾಧೀಶರ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಗಡಿ ದಾಟಿ ನಾಪತ್ತೆಯಾಗುವವರು ಇದ್ದಾರೆ. ಆರೋಪಿ ಬಾರದಿದ್ದರೆ ಕೇಸು ಎಲ್‌ಪಿ ರಿಜಿಸ್ಟರಿಗೆ, ಅಂದರೆ ದೀರ್ಘಕಾಲ ಬಾಕಿ ಬಿದ್ದ ಕೇಸುಗಳ ಪಟ್ಟಿಗೆ ಹೋಗಿ ಕೂರುತ್ತದೆ, ಅಡಿಕೆ ಕಳಕೊಂಡವರು ಕಾಯುತ್ತಲೇ ಇರುತ್ತಾರೆ. ಹೊರಗಿನ ಜಿಲ್ಲೆಯ ಜಾಮೀನುದಾರನ ಹತ್ತಿರ ವಸೂಲಿ ಕಷ್ಟ ಅನ್ನುತ್ತಾರೆ. ಕಷ್ಟ ಹೌದು, ಅಸಾಧ್ಯ ಅಲ್ಲ. ಬಾಂಡಿನ ಹಣವನ್ನು ದಂಡದ ಹಾಗೆ ವಸೂಲಿ ಮಾಡಲು, ಅಲ್ಲಿನ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆ ಪಡೆದು ಹೊರಗಿನ ಆಸ್ತಿಯನ್ನು ಜಪ್ತಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ಕಂದಾಯ ಬಾಕಿಯನ್ನು ಬೇರೆ ಜಿಲ್ಲೆಯ ಕಲೆಕ್ಟರ ಮೂಲಕ ವಸೂಲಿ ಮಾಡುವ ಕಾಯ್ದೆ 1890ರದ್ದು, ಬ್ರಿಟಿಷರ ಕಾಲದ್ದು. ಸರ್ಕಾರದ ದುಡ್ಡಿಗೆ ಜಿಲ್ಲೆಯ ಗಡಿ ಅಡ್ಡ ಬರಬಾರದು ಅಂತ ಅವರು ಆಗಲೇ ನೋಡಿಕೊಂಡಿದ್ದಾರೆ. ಮನುಷ್ಯನ ಬಿಡುಗಡೆಗೆ ಮಾತ್ರ ಅಡ್ಡ ಬರುತ್ತದೆ.

ಕಾಗದ ಅಸಲಿಯೋ ನಕಲಿಯೋ ಗೊತ್ತಾಗುವುದು ಹೇಗೆ ಅನ್ನುವುದು ಇನ್ನೊಂದು ಮಾತು. ಕರ್ನಾಟಕದ ಆರ್‌ಟಿಸಿ ಭೂಮಿ ಪೋರ್ಟಲಿನಲ್ಲಿ ಸರ್ವೆ ನಂಬರು ಹೊಡೆದರೆ ಯಾರಿಗೂ ಕಾಣುತ್ತದೆ. ನಾನು ಅವತ್ತು ಕೌಂಟರಿನ ಎದುರೇ ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅಣ್ಣನ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಆ ಸೊಸೈಟಿ ಸಾಲದ ಸಮೇತ ಎಲ್ಲ ಇತ್ತು. "ಇದು ಕನ್ನಡದಲ್ಲಿ ಉಂಟಲ್ಲ" ಅಂದರು. ಕಾಸರಗೋಡಿನಲ್ಲಿ ಕೂತು ಆ ಮಾತು ಕೇಳಬೇಕಾಯ್ತಲ್ಲ ಅಂತ ನಗು ಬಂತು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಇಲ್ಲಿ ಎಷ್ಟು ಮಂದಿ ಓದಿದ್ದಾರೋ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದೇ ಒಂದು ದೊಡ್ಡ ಕತೆ.

ಈ ಹಠದಿಂದ ಲಾಭ ಆಗುವುದು ಒಂದು ವರ್ಗಕ್ಕೆ ಮಾತ್ರ. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವವರು ಎಲ್ಲ ಊರಿನ ಕೋರ್ಟಿನ ಸುತ್ತಲೂ ಇರುತ್ತಾರೆ. ಆರೋಪಿಯ ಮುಖವನ್ನೂ ನೋಡಿರುವುದಿಲ್ಲ, ಆದರೆ ಕೈಯಲ್ಲಿ ಹೊಸ ರಶೀದಿ ಇರುತ್ತದೆ. ಆರೋಪಿ ಕೋರ್ಟಿಗೆ ಬರಬೇಕು ಅನ್ನುವುದೇ ಉದ್ದೇಶ ಆದರೆ, ಅವನನ್ನು ಎತ್ತಿ ಆಡಿಸಿದ ಅಣ್ಣ ವಾಸಿಯೋ ಇವರು ವಾಸಿಯೋ? ತಮ್ಮ ತಪ್ಪಿಸಿಕೊಂಡರೆ ತೋಟ ಹೋಗುತ್ತದೆ ಅಂತ ಹೆದರುವವರು ಅಣ್ಣ. ದಿನಾ ರಾತ್ರಿ ಅವನು ಮನೆಗೆ ಬಂದನಾ ಅಂತ ನೋಡುವವರೂ ಅವರೇ.

ಸತೇಂದರ್ ಕುಮಾರ್ ಅಂಟಿಲ್ ಪ್ರಕರಣದಲ್ಲಿ, 2022ರಲ್ಲಿ, ಇಂಗ್ಲೆಂಡಿನ 1976ರ ಕಾಯ್ದೆಯ ಹಾಗೆ ಜಾಮೀನಿಗೇ ಒಂದು ಪ್ರತ್ಯೇಕ ಕಾಯ್ದೆ ಮಾಡುವುದನ್ನು ಯೋಚಿಸಿ ಅಂತ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಹೇಳಿತ್ತು. ಅದಾದ ಮೇಲೆ ಮೂರು ಹೊಸ ಸಂಹಿತೆಗಳು ಬಂದವು, ಆ ಕಾಯ್ದೆ ಮಾತ್ರ ಬರಲಿಲ್ಲ. ಬರುವ ತನಕ ಸುಮ್ನೆ ಕೂರಲು ಆಗುವುದಿಲ್ಲ. ಹಾಗಾಗಿ ನಾನು ಈಗ ಜಾಮೀನು ಅರ್ಜಿಯಲ್ಲೇ ಜಾಮೀನುದಾರರ ವಿಷಯ ಬರೆಯುತ್ತೇನೆ. ಆದೇಶ ಆದ ಮೇಲೆ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಅಲ್ಲಿರುವವರಿಗೆ ಆದೇಶ ಬದಲಾಯಿಸುವ ಅಧಿಕಾರ ಇಲ್ಲ. ಆರೋಪಿಯ ಮನೆಯವರು ಗಡಿಯ ಆಚೆಯವರು, ಇಂಥಿಂಥ ಆಸ್ತಿ ಇದೆ, ಹೊಸ ಆರ್‌ಟಿಸಿ ಲಗತ್ತಿಸಿದೆ, ಮೋತಿರಾಮ್ ತೀರ್ಪಿನ ಆ ಪ್ಯಾರಾ ಇದು, 2023ರ ಆದೇಶದ ಈ ಅಂಶ ಇದು ಅಂತ ಮೊದಲೇ ಮುಂದಿಡುತ್ತೇನೆ. ಜೊತೆಗೆ ಆರ್‌ಟಿಸಿಯ ಮಲಯಾಳ ಅನುವಾದ ಒಂದು ಪುಟ. ಎಲ್ಲ ಸಲ ನಡೆಯುವುದಿಲ್ಲ, ಕೆಲವು ಸಲ ನಡೆಯುತ್ತದೆ.

ಗಡಿಯ ಆಚೆ ಈಚೆ ಕೆಲಸಕ್ಕೆ ಓಡಾಡುವವರ ಮನೆಯವರಿಗೆ ಒಂದು ಮಾತು. ಯಾರಿಗಾದರೂ ಇಂಥ ತಾಪತ್ರಯ ಬಂದರೆ ವಕೀಲರ ಹತ್ತಿರ ಹೋಗುವಾಗಲೇ ಹೊಸ ಆರ್‌ಟಿಸಿ, ಆಧಾರ್, ಆರೋಪಿಯ ರೇಷನ್ ಕಾರ್ಡು, ಅವನು ಎಲ್ಲಿ ಎಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದಾನೆ ಅಂತ ಮಾಲೀಕರು ಬರೆದುಕೊಟ್ಟ ಕಾಗದ, ಇಷ್ಟನ್ನು ತೆಗೆದುಕೊಂಡು ಹೋಗಿ. ಜಾಮೀನು ಆಗಿ ಒಂದು ವಾರ ಕಳೆದರೂ ಬಿಡುಗಡೆ ಆಗದಿದ್ದರೆ ಜೈಲಿನವರು ತಿಳಿಸುತ್ತಾರೆ ಅಂತ ಕಾಯಬೇಡಿ. ನೀವೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಒಂದು ಅರ್ಜಿ ಕೊಡಿ. ಕನ್ನಡದಲ್ಲೇ ಬರೆದರೆ ಸಾಕು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಲು ಮಾತ್ರ ಮರೆಯಬೇಡಿ.